ಹೆಸರು ಹಿಡಿದು ಕರೆದ ದನಿ

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರ ಮಾತಿಗೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ನಾನು ಜಮೀನು ಸರ್ವೆ ಮಾಡುವವನು, ಎರಡು ಸಲ ಅಳೆಯದೆ ಯಾವುದನ್ನೂ ನಂಬುವ ಜಾಯಮಾನದವನಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದನ್ನು ಹೇಗೆ ಅಳೆಯಬೇಕೋ ಇವತ್ತಿಗೂ ತಿಳಿದಿಲ್ಲ.

ಹುಮನಾಬಾದಿನಲ್ಲಿ ನನ್ನ ಹೆಂಡತಿಯ ಅಣ್ಣನಿಗೆ ಟಿ.ವಿ. ರಿಪೇರಿ ಅಂಗಡಿಯಿದೆ. ಯಾರೋ ಬಿಟ್ಟುಹೋದ ಹಳೆ ವಿಡಿಯೊ ಕ್ಯಾಸೆಟ್ಟಿನಲ್ಲಿದ್ದ ಒಂದು ಹಿಂದಿ ಚಿತ್ರವನ್ನು ಅವನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಒಂದು ಕಾಲದಲ್ಲಿ ಟಿ.ವಿ.ಗೆಂದೇ ತೆಗೆದದ್ದಂತೆ, ಅದರ ಹೆಸರು ಕೇಳಿದವರೇ ಇಲ್ಲ. ಭಾನುವಾರ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಊಟ ಮುಗಿಸಿ ನಾನೂ ನನ್ನ ಹೆಂಡತಿ ಮಹಾದೇವಿಯೂ ನೋಡಲು ಕೂತೆವು. ಅದರಲ್ಲಿ ರಕ್ತವಿಲ್ಲ, ದೆವ್ವವಿಲ್ಲ. ಹೆಂಡತಿ ಒಳಗಿನಿಂದ ಕರೆದಂತೆ ಗಂಡನಿಗೆ ಕೇಳಿಸುತ್ತದೆ. ಹೋದರೆ ಅವಳು ಕರೆದೇ ಇಲ್ಲ ಎನ್ನುತ್ತಾಳೆ. ಹೀಗೇ ಆಗಿ ಆಗಿ ಅವನಿಗೆ ಅವಳ ಮೇಲೆ ಸಂಶಯ ಬೆಳೆಯುತ್ತದೆ. ಕಥೆ ಮುಗಿಯುವ ಮೊದಲೇ ಮೂಲ ಕ್ಯಾಸೆಟ್ಟು ಮುಗಿದಿತ್ತೇನೋ, ಚಿತ್ರ ಅರ್ಧಕ್ಕೇ ನಿಂತಿತು. ಮಹಾದೇವಿ ಎದ್ದು ಒಳಗೆ ಹೋದಳು, ನಾನು ಅಲ್ಲೇ ಅಡ್ಡಾದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ದನಿ ನನ್ನ ಹೆಸರು ಹಿಡಿದು ಕರೆಯಿತು. ನಾನು ಎದ್ದು ಕೂತೆ. ಮದುವೆಯಾದಂದಿನಿಂದ ಅವಳು ನನ್ನ ಹೆಸರು ಹೇಳಿದವಳಲ್ಲ. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೂ ಅವಳು ಹೇಳಲಿ ಎಂದು ಮಗಳ ಕಡೆ ಕೈ ಮಾಡುತ್ತಾಳೆ. ಓಡಿಹೋಗಿ ನೋಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಅವಳು ಹಿತ್ತಲ ಮೆಟ್ಟಿಲಿಳಿದು ಬಂದಳು. ನನ್ನನ್ನು ನೋಡಿ ನಿಂತೇಬಿಟ್ಟಳು.

“ನೀವು ಇಲ್ಲಿ ಹ್ಯಾಂಗ ಬಂದ್ರಿ? ಮಾಳಿಗಿ ಮ್ಯಾಲಿಂದ ಕರದ್ರಲ್ಲ, ಲಗು ಬಾ ಅಂತ? ಹೋಗಿ ನೋಡಿದ್ರ ಅಲ್ಲಿ ಯಾರೂ ಇಲ್ಲ.”

“ನಾ ಮಲಗಿದ್ದೆ. ನೀನೇ ನನ್ನ ಹೆಸರು ಹಿಡದು ಕರದಿ.”

“ಮಜಾಕ್ ಸಾಕ್ರಿ. ನಾ ನಿಮ್ಮ ಹೆಸರು ಹಿಡೀತೇನೇನು?”

ಚಿತ್ರದ ಗುಂಗು ಎಂದು ಸಮಾಧಾನ ಹೇಳಿಕೊಂಡೆ. ಗುಂಗು ಇಬ್ಬರಿಗೂ ಒಂದೇ ಹೊತ್ತಿಗೆ ಹಿಡಿಯುತ್ತದೆಯೇ? ಅವಳೇ ನನ್ನನ್ನು ಆಟ ಆಡಿಸಿದಳೆಂಬ ಗುಮಾನಿ ನನಗೆ, ನಾನೇ ಆಡಿಸಿದೆನೆಂಬ ಗುಮಾನಿ ಅವಳಿಗೆ. ಅಂದಿನಿಂದ ನಾನು ಕರೆದರೆ ಅವಳು ಓ ಎನ್ನುವುದಿಲ್ಲ. ಬಾಗಿಲಿಗೆ ಬಂದು ಮೊದಲು ನನ್ನ ಮುಖ ನೋಡುತ್ತಾಳೆ. ಇಷ್ಟು ವರ್ಷ ಕೂಡಿ ಬಾಳಿದ ಮೇಲೆ ಆ ನೋಟ ನನಗೆ ಬಹಳ ನೋವು ಕೊಡುತ್ತದೆ.

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. ಒಂದೇ ಒಂದು ಸಲ ನನ್ನ ಹೆಸರು ಹೇಳು, ಆ ದನಿ ನಿನ್ನದೋ ಅಲ್ಲವೋ ಗೊತ್ತಾಗಲಿ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅವತ್ತು ಮಾಳಿಗಿ ಮ್ಯಾಲಿಂದ ಕರದಾಂವ ನಾನೇ ಅಂತ ಮೊದಲ ನೀವು ಒಪ್ಕೊಳ್ರಿ. ಆಮ್ಯಾಗ ಹೇಳ್ತೀನಿ.”

ನಾನು ಕರೆದಿರಲಿಲ್ಲ. ಮತ್ತೆ ಅದನ್ನೇ ಹೇಳಿದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.