ಮೂರನೇ ಸಲ ಸುತ್ತಿದ ಕಾಯಿಲ್

ಬೆಳಗಿನ ಐದೂವರೆ. ಅಡುಗೆಮನೆಗೆ ಅಂಟಿಕೊಂಡ ಕಿರುಕೋಣೆಯಲ್ಲಿ, ಎಲ್ಲರೂ ಹಾಗೆಂದೇ ಕರೆಯುವ ಕಾಯಿಲ್ ಅಕ್ಕ ನಿಂತೇ ಕೆಲಸ ಮಾಡುತ್ತಿದ್ದಾರೆ. ಕುರ್ಚಿಯೇನೋ ಇದೆ, ಅದರಲ್ಲಿ ತಂತಿಯ ಉರುಳೆಗಳು ಕೂತಿವೆ. ಮೇಜಿನ ಮೇಲಿರುವುದು ಅರವತ್ತು ವರ್ಷ ಹಳೆಯ ಆಟಿಕೆ ರೈಲಿನ ಸ್ವಿಚ್. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ, ಅಂಗೈಯಗಲದ ತಗಡಿನ ಸಾಧನ. ಗುಂಡಿ ಒತ್ತುತ್ತಾರೆ, ಟಕ್. ಮತ್ತೆ ಒತ್ತುತ್ತಾರೆ, ಟಕ್. ನಲವತ್ತು ಸಲ ಒತ್ತಿದರೂ ಮುಖದಲ್ಲಿ ಸಮಾಧಾನವಿಲ್ಲ.

"ಇಲ್ಲಿ ಎಲ್ಲ ಸರಿ ಇರತ್ತೆ. ಆ ಮನೆಗೆ ಹೋದ್ರೆ ವಾರದೊಳಗೆ ಸುಟ್ಟು ವಾಪಸ್ ಬರತ್ತೆ. ಎರಡು ಸಲ ಆಯ್ತು," ಎನ್ನುತ್ತಾರೆ.

ಬಸ್ ಚಾಲಕರಾಗಿದ್ದು ನಿವೃತ್ತರಾದ ಅವರ ಯಜಮಾನರು ಚಹಾ ತಂದಿಡುತ್ತಾರೆ. "ಮೂರು ದಿನದಿಂದ ಇದೇ ರಾಮಾಯಣ. ನಿನ್ನೆ ಅಡುಗೆಗೆ ಎರಡು ಸಲ ಉಪ್ಪು ಬಿತ್ತು. ನಾನು ಬಾಯಿ ಮುಚ್ಕೊಂಡು ಉಂಡೆ."

"ಬಾಯಿ ಮುಚ್ಕೊಂಡು ಉಣ್ಣೋಕೆ ಹೇಗ್ರೀ ಆಗತ್ತೆ?" ಅಕ್ಕ ತಲೆ ಎತ್ತದೆಯೇ ಕೇಳುತ್ತಾರೆ.

ವಯಸ್ಸು ಐವತ್ತೆಂಟು. ಹತ್ತೊಂಬತ್ತು ವರ್ಷ ಕರೆಗಂಟೆ ಕಾರ್ಖಾನೆಯಲ್ಲಿ ಕಾಯಿಲ್, ಅಂದರೆ ತಾಮ್ರತಂತಿಯ ಸುರುಳಿ, ಸುತ್ತಿದವರು. ಒಂದು ಮಧ್ಯಾಹ್ನ ಸುತ್ತುವ ಯಂತ್ರ ಬಂದಿಳಿಯಿತು, ಮರುವಾರ ನಲವತ್ತು ಹೆಂಗಸರು ಗೇಟಿನಾಚೆ ನಿಂತಿದ್ದರು. ಕೈ ಸುಮ್ಮನಿರದೆ ಮನೆಯ ಫ್ಯಾನು, ಪಕ್ಕದ ಮನೆಯ ಪಂಪು ಎಲ್ಲ ಬಿಚ್ಚಿ ಸುತ್ತಿದರು. ಹಳೇ ಸಾಮಾನು ಸಂಗ್ರಹಿಸುವ ನೆರೆಯವರೊಬ್ಬರು ಕೆಟ್ಟ ರೈಲು ಸ್ವಿಚ್ಚೊಂದನ್ನು ತಂದುಕೊಟ್ಟಾಗ ಅವರ ದಾರಿಯೂ ತಿರುಗಿತು.

"ತೆಗೆದು ನೋಡಿದ್ರೆ ಒಳಗೆ ನನ್ನ ಕರೆಗಂಟೆನೇ ಮಲಗಿತ್ತು," ಎಂದು ನಗುತ್ತಾರೆ.

ಅದಾಗಿ ಹನ್ನೊಂದು ವರ್ಷ. ಈಗ ದೂರದೂರುಗಳಿಂದ ಅಂಚೆಯಲ್ಲಿ ಡಬ್ಬಗಳು ಬರುತ್ತವೆ. ದಿನಕ್ಕೆ ಮೂರು ಸ್ವಿಚ್, ಒಂದೊಂದರಲ್ಲಿ ಎರಡು ಕಾಯಿಲ್, ಒಂದೊಂದು ಕಾಯಿಲ್‌ಗೆ ಇನ್ನೂರು ಚಿಲ್ಲರೆ ಸುತ್ತು. ತಂತಿ ಕೂದಲೆಳೆಯಷ್ಟು ತೆಳು. ನೂರ ತೊಂಬತ್ತರಲ್ಲಿ ತುಂಡಾದರೆ ಮತ್ತೆ ಒಂದರಿಂದ ಶುರು.

ಎಂಟು ಗಂಟೆಗೆ ಸ್ವಿಚ್ಚನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ಹೋಗಬೇಕಾದದ್ದು ಒಬ್ಬ ದರ್ಜಿಯ ಮನೆಗೆ. ಪಾರ್ಶ್ವವಾಯು ಬಡಿದು ಎಂಟು ತಿಂಗಳಿಂದ ಅವರಿಗೆ ಮಾತಿಲ್ಲ. ಅವರ ಬಾಲ್ಯದ ರೈಲನ್ನು ಮಗ ಅಟ್ಟದಿಂದ ಇಳಿಸಿ, ಮಂಚದ ಸುತ್ತ ಹಲಗೆಯ ಮೇಲೆ ಹಳಿ ಜೋಡಿಸಿದ್ದಾನೆ. ಸ್ವಿಚ್ ತಿರುಗಿದರೆ ರೈಲು ತಲೆದಿಂಬಿನ ಪಕ್ಕಕ್ಕೇ ಬರುತ್ತದೆ. ದರ್ಜಿಯ ಕಣ್ಣು ಹಿಂಬಾಲಿಸುವುದು ಅದೊಂದನ್ನೇ. ಎರಡನೇ ಸಲ ಸುಟ್ಟಾಗ ಮಗ ಫೋನಿನಲ್ಲಿ ಅಂದದ್ದು: "ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ಕೋತೀವಿ." ಆ ಮಾತು ಅಕ್ಕನ ಮೈಯಲ್ಲಿ ಮುಳ್ಳಿನಂತೆ ಉಳಿದಿದೆ.

ಬಾಗಿಲು ತೆರೆದ ಮಗನ ಮುಖ ಬಿಗಿದುಕೊಂಡಿದೆ. ಅಕ್ಕ ನೇರ ಮಂಚದ ಬಳಿ ಹೋಗಿ ಸ್ವಿಚ್ ಜೋಡಿಸುತ್ತಾರೆ. ಗುಂಡಿ ಒತ್ತಿಯೇ ಇಲ್ಲ, ಆಗಲೇ ಗುಂಯ್ ಅನ್ನುತ್ತದೆ. ಬೆರಳಿಟ್ಟು ನೋಡಿದರೆ ಬಿಸಿಯೇರುತ್ತಿದೆ. ಥಟ್ಟನೆ ತಂತಿ ಕಿತ್ತು, ಸೆರಗು ಸಿಕ್ಕಿಸಿ, ಹಲಗೆಯ ಸಂದಿನಿಂದ ಹಳಿಯ ಜೋಡಣೆ ನೋಡಲು ನೆಲಕ್ಕೆ ಮಲಗಿ ಮಂಚದಡಿ ತೂರುತ್ತಾರೆ. ಐದು ನಿಮಿಷ ಪಾದಗಳಷ್ಟೇ ಕಾಣುತ್ತವೆ.

"ಹಳಿ ಸೇರೋ ಜಾಗಕ್ಕೆ ಈ ಮೊಳೆ ಯಾರು ಹಾಕಿದ್ದು?"

"ನಾನೇ," ಎನ್ನುತ್ತಾನೆ ಮಗ. "ಅಲ್ಲೊಂದು ಕಪ್ಪು ಕಡ್ಡಿ ಇತ್ತು, ಮುರಿದುಹೋಯ್ತು. ಮೊಳೆ ಗಟ್ಟಿ ಇರತ್ತೆ ಅಂತ ಕತ್ತರಿಸಿ ಹಾಕ್ದೆ."

ಸ್ವಿಚ್ಚಿನ ಒಂದು ತುಂಡು ಹಳಿಗೆ ಉಳಿದ ಹಳಿಯ ವಿದ್ಯುತ್ ತಾಗಲೇಬಾರದು. ರೈಲಿನ ಚಕ್ರ ಬಂದು ಮುಟ್ಟಿದಾಗ ಮಾತ್ರ ಕಾಯಿಲ್‌ಗೆ ಅರೆಕ್ಷಣ ಹರಿಯಬೇಕು. ವಿದ್ಯುತ್ ಹಾಯದಂತೆ ತಡೆಯಲೆಂದೇ ಆ ಕಪ್ಪು ಕಡ್ಡಿ. ಅದರ ಜಾಗಕ್ಕೆ ಕಬ್ಬಿಣ ಬಂದದ್ದರಿಂದ ಕಾಯಿಲ್‌ಗೆ ಹಗಲಿಡೀ ಬಿಡುವೇ ಇರಲಿಲ್ಲ. ಇದನ್ನೆಲ್ಲ ಅಕ್ಕ ಮಂಚದಡಿಯಿಂದಲೇ ವಿವರಿಸುತ್ತಾರೆ.

ಮಗ ತಲೆ ತಗ್ಗಿಸುತ್ತಾನೆ. "ನಿಮ್ಮನ್ನ ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಅಕ್ಕ."

"ಅದು ಆಮೇಲೆ ನೋಡೋಣ. ಒಂದು ಬೆಂಕಿಪೊಟ್ಟಣ ತಗೊಂಡ್ಬಾಪ್ಪ."

ಕಡ್ಡಿಯ ಮದ್ದು ಮುರಿದು, ಬ್ಲೇಡಿನಲ್ಲಿ ಹೆರೆದು, ಮೊಳೆಯ ಜಾಗಕ್ಕೆ ಸಿಕ್ಕಿಸುತ್ತಾರೆ. ಕಿತ್ತ ತಂತಿ ಮತ್ತೆ ಜೋಡಿಸಿದರೆ ಈ ಸಲ ಗುಂಯ್ ಅನ್ನುವುದಿಲ್ಲ. ರೈಲು ಹೊರಡುತ್ತದೆ, ಟಕ್ ಎಂದು ತಿರುಗಿ ದಿಂಬಿನ ಪಕ್ಕ ಹಾದುಹೋಗುತ್ತದೆ. ದರ್ಜಿಯ ಕಣ್ಣು ಅದರ ಜೊತೆಗೇ ಚಲಿಸುತ್ತದೆ. ಅಕ್ಕ ಅದನ್ನು ನೋಡುತ್ತಿಲ್ಲ. ಅರ್ಧ ಗಂಟೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೊನೆಗೆ "ತಣ್ಣಗಿದೆ" ಎನ್ನುತ್ತಾರೆ. ಮಗ ರೈಲು ನಿಲ್ಲಿಸಿದೊಡನೆ ದರ್ಜಿ ಎಡಗೈಯ ಎರಡು ಬೆರಳಿನಿಂದ ಮಂಚದ ಅಂಚನ್ನು ತಟ್ಟುತ್ತಾರೆ. ಮಗ ಮತ್ತೆ ಓಡಿಸುತ್ತಾನೆ.

ಮೆಟ್ಟಿಲಿಳಿಯುವಾಗಲೂ ಅಕ್ಕನಿಗೆ ಗೆದ್ದ ಸಂಭ್ರಮವಿಲ್ಲ. "ಮೊದಲನೇ ಸಲಾನೇ ಬಂದು ನೋಡಬೇಕಿತ್ತು. ಸುಟ್ಟಿದ್ದನ್ನ ಸುತ್ತೋದಷ್ಟೇ ನನ್ನ ಕೆಲಸ ಅನ್ಕೊಂಡೆ. ಯಾಕೆ ಸುಡ್ತು ಅಂತ ಕೇಳಲೇ ಇಲ್ಲ. ಅಷ್ಟು ದಿನ ಆ ಮನುಷ್ಯ ಗೋಡೆ ನೋಡ್ಕೊಂಡು ಮಲಗಿದ್ರು."

ಅವರ ನಡಿಗೆಗೆ ನಾನು ಅರ್ಧ ಓಡಬೇಕು. ಇನ್ನೇನು ಆಸೆಯಿದೆ ಎಂದು ಏದುಸಿರಿನಲ್ಲೇ ಕೇಳುತ್ತೇನೆ. ರಸ್ತೆ ದಾಟುವ ಆತುರದಲ್ಲಿದ್ದವರು ಒಂದು ಕ್ಷಣ ನಿಲ್ಲುತ್ತಾರೆ.

"ಕಣ್ಣು ಇನ್ನೊಂದು ಹತ್ತು ವರ್ಷ ಸರಿಯಾಗಿದ್ರೆ ಸಾಕು. ಕೈ ಬಗ್ಗೆ ನನಗೇನೂ ಭಯ ಇಲ್ಲ."