ಬಾಣಂತಿ ಖೋಲಿಗೆ ಬಂದ ಹಕ್ಕಿ

ಮುಂಜಾನಿ ಸಿಂದಗಿಯಿಂದ ನನ್ನ ತಮ್ಮ ಒಂದು ಫೋಟೊ ಕಳಿಸಿದ. ನೀಲಿ ತಲಿ, ಇಟ್ಟಂಗಿ ಬಣ್ಣದ ಎದಿ. "ಅಕ್ಕಾ, ಇದ್ಯಾವ ಹಕ್ಕಿ?"

ಇಂಥ ಹಕ್ಕಿ ನಾ ಸಣ್ಣಾಕಿ ಇದ್ದಾಗ ಒಮ್ಮೆ ನಮ್ಮ ಮನ್ಯಾಗ ನೋಡಿದ್ದೆ.

ಆಗ ಈ ತಮ್ಮ ಹುಟ್ಟಿ ಇನ್ನೂ ವಾರ ಆಗಿದ್ದಿಲ್ಲ. ಗಾಳಿ ಹತ್ತಬಾರದಂತ ನಮ್ಮಜ್ಜಿ ಬಾಣಂತಿ ಖೋಲಿಯ ಕಿಡಕಿ ಸಂದಿಗೆಲ್ಲ ಹಳೇ ಸೀರಿ ತುರುಕಿದ್ದಳು. ಆಕಿ ಕೆಂಡ ತರಾಕ ಬಾಗಿಲಾ ತಗದಾಗ ಇಂಥದ್ದ ಹಕ್ಕಿ ಒಳಗ ನುಗ್ಗಿತು. ಗ್ವಾಡಿಗೆ ಬಡಕೊಂತ ಕೂಸಿನ ಮ್ಯಾಲೇ ಸುತ್ತಾಕತ್ತಿತು.

"ಕಿಡಕಿ ತಗೀಬ್ಯಾಡ್ರಿ, ಕೂಸಿಗೆ ಗಾಳಿ ಹತ್ತತೈತಿ!" ಅಜ್ಜಿ ಅಡ್ಡ ನಿಂತಳು.

ಅವ್ವ ಎದ್ದು, ಸೀರಿ ಕಿತ್ತು ಕಿಡಕಿ ತಗದಳು. ಹಕ್ಕಿ ಹಾರಿಹೋತು. ಹಕ್ಕಿ ಮನಿ ಹೊಕ್ಕರ ಕೂಸಿಗೆ ಕೇಡಂತ ಅಜ್ಜಿ ಮಾತ್ರ ಸಂಜಿತನಕ ಕೂಸಿನ ಮೂಗಿನ ಹತ್ರ ಬೆರಳು ಹಿಡಿದು ಉಸಿರು ನೋಡತಿದ್ದಳು.

ಅದು ಬಂಡೆ ಸಿಳ್ಳಾರ, ಚಳಿಗಾಲಕ್ಕ ಹಿಮಾಲಯದಿಂದ ಇಳಿದು ನಮ್ಮ ಕಡೆ ಹಾದುಹೋಗತೈತಿ ಅಂತ ಈಗ ಗೊತ್ತೈತಿ. ಆದರೂ ತಮ್ಮಗ ನಾ ಮೊದಲ ಕೇಳಿದ್ದು, "ಹಕ್ಕಿ ಹೊರಗೈತೋ, ಮನಿ ಒಳಗೈತೋ?"