ತೆಂಗಿನೆಣ್ಣೆ ಕುಡಿದ ಡ್ಯಾನ್ಸ್ ಹಾಲ್

ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಹೊಸ ಮನೆಗಳಿಗೆ ಮರದ ನೆಲ ಹಾಕುವುದು ನನ್ನ ಕೆಲಸ. ಸ್ಕ್ರೂ ಸಲೀಸಾಗಿ ಇಳಿಯಲಿ ಅಂತ ಅದಕ್ಕೆ ಮೇಣದಬತ್ತಿ ಉಜ್ಜುತ್ತೇನೆ. ಮೇಣ ಬಿಸಿಯಾಗಿ ಮರದ ಹುಡಿಯ ಜೊತೆ ಸೇರಿದಾಗ ಒಂದು ವಾಸನೆ ಏಳುತ್ತದೆ. ಜೊತೆಗಿರುವವರಿಗೆ ಅದು ಕೆಲಸದ ವಾಸನೆ. ನನಗೆ ಮನೆಯದು. ಡ್ರಿಲ್ ಕೆಳಗಿಟ್ಟು ಆ ಹುಡಿಯನ್ನು ಬೆರಳಲ್ಲಿ ಹಿಡಿದು ಮೂಸುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಇದ್ದರೆ ಹೆಚ್ಚು ಹೇಳಬೇಕಿಲ್ಲ.

ಪಪ್ಪ ಮಂಗಳೂರಿನಿಂದ ಬಂದದ್ದು ಮೆಲ್ಬರ್ನ್‌ನಿಂದ ಬಹಳ ದೂರದ ಒಂದು ಹಳ್ಳಿಗೆ, ಹಸುಗಳ ಹಾಲು ಕರೆಯುವ ಕೆಲಸಕ್ಕೆ. ಅಲ್ಲಿ ರಸ್ತೆ ಪಕ್ಕ ತಗಡಿನ ಮಾಡಿನ ಒಂದು ಹಳೇ ಡ್ಯಾನ್ಸ್ ಹಾಲ್ ಇತ್ತು. ಹೊರಗಿನಿಂದ ನೋಡಿದರೆ ದನದ ಕೊಟ್ಟಿಗೆ. ಒಳಗೆ ಹೋದರೆ ಜೇನಿನ ಬಣ್ಣದ ಮರದ ನೆಲ, ಕಾಲಿಟ್ಟರೆ ಸಣ್ಣಗೆ ಪುಟಿಯುತ್ತಿತ್ತು. ಹಾಲ್ ಹಿಂದೆ ಎರಡು ಕೋಣೆ. ನೆಲ ನೋಡಿಕೊಳ್ಳುವವರಿಗೆ ಆ ಕೋಣೆಗಳು ಬಿಟ್ಟಿ. ಹಾಲ್‌ನ ಯಜಮಾನಿಕೆ ಪಿಯಾನೋ ಬಾರಿಸುವ ಮುದುಕಿ ಡಾಟ್ ಆಂಟಿಯದು. ಅವರ ಇಂಗ್ಲಿಷ್ ನನಗೆ ನೆನಪಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅಣಕಿಸಿ ಹೇಳುತ್ತಿದ್ದ ಕನ್ನಡವೇ ನೆನಪಿರುವುದು. "ನೆಲ ಚೆನ್ನಾಗಿದ್ರೆ ಮನೆ ನಿಂದು. ಕೆಟ್ರೆ ಬೇರೆಯವರನ್ನ ನೋಡ್ತೇನೆ," ಅಂದಿದ್ದರಂತೆ ಮೊದಲ ದಿನವೇ.

ಡ್ಯಾನ್ಸ್ ಇರುವ ಶನಿವಾರ ಬೆಳಿಗ್ಗೆ ಪಪ್ಪ ಅಮ್ಮ, ಕುಣಿಯುವವರ ಕಾಲು ಹದವಾಗಿ ಜಾರಲಿ ಅಂತ, ಮೇಣ ಬೆರೆಸಿದ ಮರದ ಹುಡಿಯನ್ನು ನೆಲದ ಮೇಲೆ ಚೆಲ್ಲುತ್ತಿದ್ದರು. ಆಮೇಲೆ ಗೋಣಿಚೀಲದ ಮೇಲೆ ನನ್ನನ್ನು ಕೂರಿಸಿ ಪಪ್ಪ ಹಾಲ್ ತುಂಬ ಎಳೆಯುತ್ತಿದ್ದ. ನನ್ನ ಭಾರಕ್ಕೆ ಮೇಣ ಮರಕ್ಕೆ ಹತ್ತಬೇಕು, ಅದೇ ಅಲ್ಲಿಯ ಪದ್ಧತಿ. "ಗಟ್ಟಿ ಹಿಡ್ಕೋ ಮಾರಾಯ, ಟರ್ನಿಂಗ್ ಉಂಟು!" ಅಂತ ಕೂಗಿ ಮೂಲೆಯಲ್ಲಿ ಗಿರ್ರನೆ ತಿರುಗಿಸುತ್ತಿದ್ದ. ನನ್ನ ಚಡ್ಡಿಗಳೆಲ್ಲ ಹಿಂದೆ ಹೊಳೆಯುತ್ತಿದ್ದವು. ಶಾಲೆಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೆ; ನೆಲ ಅಂದರೆ ಏನು ಅಂತ ಕಲಿತದ್ದು ಆ ಗೋಣಿಯ ಮೇಲೆ.

ಒಂದು ಶನಿವಾರ ಮೇಣದ ಹುಡಿ ಮುಗಿದುಹೋಗಿತ್ತು. ಪಪ್ಪ ಇನ್ನೂ ಡೈರಿಯಲ್ಲಿದ್ದ, ಅಂಗಡಿ ಮುಚ್ಚಿತ್ತು, ಮಧ್ಯಾಹ್ನವೇ ಡ್ಯಾನ್ಸ್. ಅಮ್ಮನ ತವರಿನಲ್ಲಿ ಕೆಂಪು ಕಾವಿ ನೆಲ. ಹಬ್ಬಕ್ಕೆ ಅದಕ್ಕೆ ತೆಂಗಿನೆಣ್ಣೆ ಹಾಕಿ ಉಜ್ಜಿದರೆ ಮುಖ ಕಾಣುತ್ತಿತ್ತಂತೆ. ನೆಲ ಎಲ್ಲಾದರೂ ನೆಲವೇ ಅಂದುಕೊಂಡಳು. ಡಬ್ಬಿಯ ಎಣ್ಣೆಯನ್ನೆಲ್ಲ ಸುರಿದು, ಪಪ್ಪನ ಹಳೇ ಲುಂಗಿ ಹಿಡಿದು, ಮೊಣಕಾಲೂರಿ ಬಾಗಿಲಿನಿಂದ ಪಿಯಾನೋವರೆಗೆ ಉಜ್ಜಿದಳು. ನೆಲ ಕನ್ನಡಿಯಾಯಿತು. ಅವಳ ಮುಖವೂ ಹಾಗೇ ಹೊಳೆಯುತ್ತಿತ್ತು.

ಡಾಟ್ ಆಂಟಿ ಒಳಗೆ ಬಂದವರೇ ಮೂಗೆತ್ತಿದರು. "ಯಾರು ಇಲ್ಲಿ ಕೇಕ್ ಬೇಯಿಸ್ತಿರೋದು?" ಅಲ್ಲಿಯವರಿಗೆ ತೆಂಗಿನ ವಾಸನೆ ಗೊತ್ತಿದ್ದುದು ಕೇಕಿನಲ್ಲಿ ಮಾತ್ರ. ಅಷ್ಟರಲ್ಲಿ ದಪ್ಪನೆಯ ರೈತನೊಬ್ಬ ಹೆಂಡತಿಯ ಕೈ ಹಿಡಿದು ನಡುವೆ ಕಾಲಿಟ್ಟ, ಸೊಯ್ಯಂತ ಜಾರಿ ಕೂತೇಬಿಟ್ಟ. ಅವಳೂ ಅವನ ತೊಡೆಯ ಮೇಲೆ. ಯಾರೂ ನಗಲಿಲ್ಲ. ಅಮ್ಮ ಲುಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಗ ತಾನೇ ಬಂದ ಪಪ್ಪ ಮೆತ್ತಗೆ, "ಎಂಥ ಮಾಡಿದ್ದು ಮಾರಾಯ್ತಿ ನೀನು?" ಅಂದ. "ಇನ್ನು ಪೆಟ್ಟಿಗೆ ಕಟ್ಟುದೇ," ಅಂದಳು ಅಮ್ಮ.

ಡಾಟ್ ಆಂಟಿ ಬಗ್ಗಿ ನೆಲ ಮುಟ್ಟಿದರು, ಬೆರಳು ಮೂಸಿದರು. ಆಮೇಲೆ ಪಿಯಾನೋ ಮುಂದೆ ಕೂತು ಬೂಟು ಬಿಚ್ಚಿದರು. ಕಾಲುಚೀಲವನ್ನೂ. "ಎಲ್ರೂ ಬರಿಗಾಲು! ಮೊದ್ಲು ಇವಳು ಕುಣೀಲಿ. ಬಿದ್ರೆ ಇವಳೇ ಬೀಳ್ಲಿ."

ಅಮ್ಮ ಪಪ್ಪ ಬರಿಗಾಲಲ್ಲಿ ನಡುವೆ ಬಂದರು. ಮಂಗಳೂರಿನ ಚರ್ಚ್ ಹಾಲ್‌ನಲ್ಲಿ ಮದುವೆಯ ದಿನ ಕುಣಿದಿದ್ದ ವಾಲ್ಟ್ಸ್ ಇಬ್ಬರ ಕಾಲಿಗೂ ನೆನಪಿತ್ತು. ಪಪ್ಪನ ಮೈಯಲ್ಲಿ ಇನ್ನೂ ಹಸುವಿನ ವಾಸನೆ. ಅಮ್ಮ ಅಳುತ್ತಲೇ ಕುಣಿದಳು, ಬೀಳಲಿಲ್ಲ. ಒಬ್ಬೊಬ್ಬರೇ ಬೂಟು ಬಿಚ್ಚಿ ಬಂದರು. ಗೋಡೆಯುದ್ದಕ್ಕೂ ಬೂಟುಗಳ ಸಾಲು, ನಡುವೆ ಎಣ್ಣೆ ಹತ್ತಿದ ಬಿಳಿ ಪಾದಗಳು. ಹೊರಡುವಾಗ ಡಾಟ್ ಆಂಟಿ ಅಮ್ಮನ ಕಡೆ ಬೆರಳು ತೋರಿಸಿ, "ಮುಂದಿನ ಸಲ ಮೇಣ. ಎಣ್ಣೆ ತಲೆಗೆ," ಅಂದರು. ಮುಂದಿನ ಸಲ ಅಂದರು. ಪಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಡಾಟ್ ಆಂಟಿ ತೀರಿಕೊಂಡ ಮೇಲೆ ಡ್ಯಾನ್ಸ್ ನಿಂತಿತು. ನಾವು ಕ್ರೇಗಿಬರ್ನ್‌ಗೆ ಬಂದೆವು, ಮನೆಗೆ ಮಾರ್ಟ್‌ಗೇಜ್ ಸಾಲ ಬಂತು. ಅಮ್ಮನನ್ನು ರೇಗಿಸಬೇಕಾದಾಗೆಲ್ಲ ಪಪ್ಪ, "ಆ ಹಾಲ್‌ನಲ್ಲಿ ಈಗ್ಲೂ ನಿನ್ನ ಎಣ್ಣೆ ವಾಸನೆ ಉಂಟು," ಅನ್ನುತ್ತಿದ್ದ. ಹೋದ ವರ್ಷ ಪಪ್ಪನೂ ಹೋದ.

ಈಗ ಅಂಥ ಹಳೇ ಡ್ಯಾನ್ಸ್ ಹಾಲ್‌ಗಳನ್ನು ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರೆ. ನೀವೂ ಹೋಗಿ, ನೋಡುವಂಥವೇ. ಮೊನ್ನೆ ನಾನೂ ಅಮ್ಮನನ್ನು ನಮ್ಮ ಹಾಲ್‌ಗೆ ಕರೆದುಕೊಂಡು ಹೋದೆ. ಹಿಂದಿನ ಕೋಣೆಗಳನ್ನು ಕೆಡವಿ ಪಾರ್ಕಿಂಗ್ ಮಾಡಿದ್ದಾರೆ. ಹಾಲ್ ತೋರಿಸುವ ಹುಡುಗಿ ನೆಲದ ಕಪ್ಪು ಕಲೆ ತೋರಿಸಿ, ಹಿಂದಿನ ಕಾಲದ ದೀಪದ ಎಣ್ಣೆ ಚೆಲ್ಲಿದ್ದು ಅಂದಳು. ಹುಡುಗಿ ಆಚೆ ಹೋದ ಮೇಲೆ ಅಮ್ಮ ಚಪ್ಪಲಿ ಬಿಚ್ಚಿ ಕಲೆಯ ಮೇಲೆ ನಿಂತಳು. ಮೂಗು ಅರಳಿಸಿ ಉಸಿರೆಳೆದಳು.

"ವಾಸನೆ ಹೋಗಿದೆ ಮಗಾ," ಅಂದಳು.

ಹೋಗಿತ್ತು. ನಾನೂ ಚಪ್ಪಲಿ ಬಿಚ್ಚಿ ಅವಳ ಪಕ್ಕ ನಿಂತೆ.

"ಉಂಟು ಅಮ್ಮ," ಅಂದೆ.